ಎಲುಬುಗೂಡಿನ ಹಿಂದಿನ ಚಕ್ರ

"ಬಿಚ್ಚಬೇಡ ಅಂದೆ ಕಣೋ!"

ನಾಲ್ಕನೇ ಮಹಡಿಯಿಂದ ಬಂದ ಆ ಕೂಗಿಗೆ ಮೂರನೇ ಮಹಡಿಯಲ್ಲಿ ನನ್ನ ಕೈಯಲ್ಲಿದ್ದ ಸಕ್ಕರೆ ನೀರಿನ ಲೋಟ ಅಲುಗಿತು. ಹವಾನಾಕ್ಕೇ ಸೇರಿದ ಅಲಮಾರ್ ಬಡಾವಣೆಯ ನಮ್ಮ ಕಟ್ಟಡಗಳು ಅಲ್ಲಿ ಇರುವವರೇ ಕೈಯಾರೆ ಕಟ್ಟಿಕೊಂಡವು. ಅಡುಗೆಮನೆಗಳ ನಡುವೆ ಗಾಳಿಗೆಂದು ಬಿಟ್ಟ ಸಂದಿಯಲ್ಲಿ ಗಾಳಿಗಿಂತ ಮಾತೇ ಹೆಚ್ಚು ಓಡಾಡುತ್ತದೆ. ಸೊಯ್ಲಾ ಕದ್ದು ಕೇಳುತ್ತಾಳೆ ಎಂದು ನನ್ನ ಬಗ್ಗೆ ಆಡಿಕೊಳ್ಳುವವರಿದ್ದಾರೆ. ಕದಿಯುವ ಅಗತ್ಯವೇ ಇಲ್ಲ, ಎಲ್ಲ ತಾನಾಗಿ ಬಂದು ಕಿವಿಗೆ ಬೀಳುತ್ತದೆ.

ಕೂಗಿದವಳು ಕಾಸಿಲ್ದಾ. ಬಿಚ್ಚುತ್ತಿದ್ದವನು ಅವಳ ಮಗ ಲಾಸಾರೊ. ಬಿಚ್ಚುತ್ತಿದ್ದದ್ದು ನಡುಮನೆಯಲ್ಲಿ ತಲೆಕೆಳಗಾಗಿ ನಿಲ್ಲಿಸಿದ್ದ ಸೈಕಲ್ಲಿನ ಹಿಂದಿನ ಚಕ್ರ.

"ಅಮ್ಮಾ, ಒಂದೇ ಒಂದು ಚಕ್ರ. ಈ ಸೈಕಲ್ಲು ಹೇಗೂ ಓಡಲ್ಲ."

"ಅದು ಓಡಬೇಕಾಗಿಲ್ಲ. ಬಸ್ಸು ಹತ್ತಬೇಕು, ಅಷ್ಟೆ."

ಬೇರೆ ಊರಿನವರಿಗೆ ಇದು ತಲೆಕೆಟ್ಟವರ ಮಾತು ಅನ್ನಿಸೀತು. ನಮಗೆ ಹಾಗಲ್ಲ. ನಾವಿರುವುದು ಕೊಲ್ಲಿಯ ಈಚೆ, ಹಳೇ ಹವಾನಾ ಆಚೆ, ನಡುವೆ ನೀರಿನಡಿಯ ಸುರಂಗ. ಸುರಂಗದೊಳಗೆ ಸೈಕಲ್ ಬಿಡುವುದಿಲ್ಲ. ರಷ್ಯಾದಿಂದ ಬರುತ್ತಿದ್ದ ಇಂಧನ ನಿಂತು ಊರಿಗೆ ಊರೇ ಚೀನಾ ಸೈಕಲ್ ಹತ್ತಿದ ಮೇಲೆ, ಸೀಟುಗಳನ್ನೆಲ್ಲ ಕಿತ್ತು, ಬಾಗಿಲಿಗೆ ಇಳಿಜಾರು ಹಲಗೆ ಇಟ್ಟು, ಸೈಕಲ್ಲಿನವರಿಗೆಂದೇ ಬಸ್ಸು ಬಿಟ್ಟರು. ಸೈಕಲ್ ತಳ್ಳಿಕೊಂಡು ಹತ್ತುವುದು, ಅದನ್ನು ಹಿಡಿದು ನಿಲ್ಲುವುದು, ಆಚೆ ಇಳಿಯುವುದು. ಮಾಮೂಲಿ ಬಸ್ಸಿಗೆ ಬೆಳಿಗ್ಗೆ ನಿಂತವರು ಮಧ್ಯಾಹ್ನವೂ ಅಲ್ಲೇ ನಿಂತಿರುತ್ತಾರೆ. ಸೈಕಲ್ ಬಸ್ಸು ಮಾತ್ರ ತಪ್ಪದೆ ಬರುತ್ತದೆ. ಆದರೆ ಸೈಕಲ್ ಇಲ್ಲದವರಿಗೆ ಅದರಲ್ಲಿ ಜಾಗವಿಲ್ಲ.

ಕಾಸಿಲ್ದಾಳಿಗೆ ಸೈಕಲ್ ಹೊಡೆಯಲು ಬರುವುದಿಲ್ಲ. ಅರವತ್ತು ದಾಟಿದ ಮೇಲೆ ಕಲಿಯುವ ಆಸೆಯೂ ಅವಳಿಗಿರಲಿಲ್ಲ. ಅವಳ ಬಳಿಯಿದ್ದದ್ದು ಲಾಸಾರೊನ ಹಳೇ ಸೈಕಲ್ಲು. ಅವನ ಕಾರ್ಖಾನೆ ಮುಚ್ಚಿದ ಮೇಲೆ ಅದರ ಚೈನು, ಪೆಡಲು, ಬ್ರೇಕು, ಸೀಟು ಒಂದೊಂದಾಗಿ ಅವನ ಹೆಂಡತಿಯ ಸೈಕಲ್ಲಿಗೆ ಹೋದವು. ಉಳಿದದ್ದು ಬರೀ ಫ್ರೇಮು, ಹ್ಯಾಂಡಲ್ಲು, ಕ್ಯಾರಿಯರು, ಎರಡು ಚಕ್ರ. ಮೊಮ್ಮಗಳು ಯುಸಿಮಿ ಅದಕ್ಕೆ ಎಲುಬುಗೂಡು ಎಂದು ಹೆಸರಿಟ್ಟಿದ್ದಳು. ಆ ಎಲುಬುಗೂಡಿನ ಹ್ಯಾಂಡಲ್ಲಿಗೆ ಊಟದ ಡಬ್ಬಿ ನೇತುಹಾಕಿಕೊಂಡು ಕಾಸಿಲ್ದಾ ದಿನವೂ ಬಸ್ಸು ಹತ್ತುವಳು. ಬಸ್ಸಿನ ಬಾಗಿಲಲ್ಲಿ ನಿಲ್ಲುವ ಎವೆಲಿಯೊ ಮೊದಲ ದಿನ, "ಅಜ್ಜಿ, ಇದಕ್ಕೆ ಪೆಡಲ್ ಎಲ್ಲಿ?" ಎಂದನಂತೆ. "ನಿನ್ನ ಬಸ್ಸಿನೊಳಗೆ ಪೆಡಲ್ ತುಳಿಯೋಕೆ ಬಿಡ್ತೀಯಾ?" ಎಂದಳಂತೆ ಇವಳು. ಅವನು ನಕ್ಕು ಒಳಗೆ ಬಿಟ್ಟಿದ್ದ.

ಆಚೆ ದಡದಲ್ಲಿ ಅವಳ ಅಕ್ಕ ಅಂಪಾರೊ ಇದ್ದಳು. ಗಂಡ ಸತ್ತಿದ್ದ, ಮಕ್ಕಳಿಲ್ಲ. ಹಳೇ ಹವಾನಾದಲ್ಲಿ ಮರದ ಕಂಬಗಳನ್ನು ಒತ್ತುಕೊಟ್ಟು ನಿಲ್ಲಿಸಿದ್ದ ಒಂದು ವಠಾರದ ಮಹಡಿ ಕೋಣೆ ಅವಳದು. ಹಿಂದಿನ ವರ್ಷ ಮುರಿದ ಸೊಂಟದ ಮೂಳೆ ಸೊಟ್ಟಗೆ ಕೂಡಿಕೊಂಡು, ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಟ್ಟರೆ ಹೆಚ್ಚು ಎನ್ನುವಂತಾಗಿತ್ತು. ತಂಗಿ ತರುವ ಡಬ್ಬಿಯೇ ಅವಳ ದಿನದ ಊಟ.

ಕಾಸಿಲ್ದಾಳ ಸೊಸೆ ನಿಯೂರ್ಕಾ ಕೆಲಸಕ್ಕೆ ಹೋಗುವುದೂ ಹಳೇ ಹವಾನಾಕ್ಕೇ, ಅಂಪಾರೊ ಮನೆಯಿಂದ ಕೂಗಳತೆಯಲ್ಲಿದ್ದ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ. ಹಾಗಿದ್ದರೆ ಡಬ್ಬಿ ಅವಳೇ ಕೊಟ್ಟು ಬರಬಹುದಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಲಾಸಾರೊ ಒಮ್ಮೆ ಹಾಗೆ ಕೇಳಿಯೂ ಇದ್ದ. ಆ ದಿನ ಮೇಲಿನ ಮನೆಯಲ್ಲಿ ತಟ್ಟೆ ಒಡೆದ ಸದ್ದಾಯಿತು. ಆಮೇಲೆ ಅವನು ಆ ಮಾತೆತ್ತಲಿಲ್ಲ.

ನಿಯೂರ್ಕಾ ದ್ವೀಪದ ಪೂರ್ವದ ತುದಿಯ ಬರಕೋವಾದವಳು. ಆ ಕಡೆಯಿಂದ ಬಂದವರಿಗೆ ಹವಾನಾದವರು ಇಟ್ಟಿರುವ ಹೆಸರುಗಳನ್ನು ಇಲ್ಲಿ ಬರೆಯಲು ನನಗೆ ನಾಚಿಕೆ. ಮದುವೆಯ ಊಟದಲ್ಲಿ ಅಂಪಾರೊ ಬಿಯರಿನ ಲೋಟ ಎತ್ತಿ ಎಲ್ಲರೆದುರು, "ಈ ಹುಡುಗಿ ನಮ್ಮ ಲಾಸಾರೊನ್ನ ಮದುವೆ ಆಗ್ತಿಲ್ಲ, ಹವಾನಾದ ವಿಳಾಸಾನ ಮದುವೆ ಆಗ್ತಿದಾಳೆ" ಎಂದಿದ್ದಳು. ನೆರೆದವರು ನಕ್ಕರು. ಮದುಮಗಳೂ ನಕ್ಕಳು. ಅಂದು ತಾನೂ ನಕ್ಕೆನಲ್ಲ ಎಂದು ನಿಯೂರ್ಕಾಳಿಗೆ ಹದಿನಾರು ವರ್ಷ ಕಳೆದರೂ ಮೈ ಉರಿಯುತ್ತಿತ್ತು.

ಈಗ ಈ ಚಕ್ರದ ಜಗಳ. ಹಿಂದಿನ ಸಂಜೆ ನಿಯೂರ್ಕಾಳ ಸೈಕಲ್ಲು ನೀರು ತುಂಬಿದ ಗುಂಡಿಗೆ ಇಳಿದು, ಹಿಂದಿನ ರಿಮ್ಮು ಸೀಳಿ, ಕಡ್ಡಿಗಳು ಕಿತ್ತು ಬಂದಿದ್ದವು. ಅದನ್ನು ಫ್ರೇಮಿಗೆ ಸಿಕ್ಕಿಸಿದರೆ ತಿರುಗುತ್ತಲೇ ಇರಲಿಲ್ಲ. ಹೊಸ ರಿಮ್ಮು ಇಡೀ ಊರಲ್ಲಿ ಎಲ್ಲೂ ಇಲ್ಲ.

ನಿಯೂರ್ಕಾ ಚೀಲ ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಅತ್ತೆ, ನಮ್ಮಲ್ಲಿ ಅರ್ಧ ಜನಾನ ಮನೆಗೆ ಕಳಿಸ್ತಾರಂತೆ. ತಡವಾಗಿ ಬಂದೋರ ಹೆಸರೇ ಮೊದಲು. ನನ್ನ ಕೆಲಸ ಹೋದ್ರೆ ಅಲ್ಲಿನ ಮಧ್ಯಾಹ್ನದ ಊಟಾನೂ ಹೋಯ್ತು. ಆಮೇಲೆ ನಿಮ್ಮ ಡಬ್ಬೀಲಿ ಏನು ತುಂಬ್ಕೊಂಡು ಹೋಗ್ತೀರಿ?"

ಅದು ನಿಜವೇ. ಆಸ್ಪತ್ರೆಯಲ್ಲಿ ಕೊಡುವ ಊಟದಲ್ಲಿ ಅರ್ಧವನ್ನು ನಿಯೂರ್ಕಾ ಮನೆಗೆ ತರುತ್ತಿದ್ದಳು. ಮಾರನೆಯ ದಿನ ಅದೇ ಅಂಪಾರೊನ ಡಬ್ಬಿ ಸೇರುತ್ತಿತ್ತು. ಇಬ್ಬರಿಗೂ ಅದು ಗೊತ್ತಿತ್ತು, ಇಬ್ಬರೂ ಬಾಯಿ ಬಿಟ್ಟು ಹೇಳಿರಲಿಲ್ಲ.

"ಕೆಲಸಕ್ಕೆ ಹೋಗ್ಬೇಡ ಅಂದ್ನಾ ನಾನು? ನನ್ನ ಚಕ್ರ ಮುಟ್ಟಬೇಡ ಅಂದೆ."

"ನಿಮ್ಮಕ್ಕ ಒಂದಿನ ತಡವಾಗಿ ಉಂಡ್ರೆ ಏನೂ ಆಗಲ್ಲ."

"ಅದನ್ನ ಹಸಿದೋಳು ಹೇಳ್ಬೇಕು, ನೀನಲ್ಲ."

ಲಾಸಾರೊ ಸ್ಪ್ಯಾನರ್ ಹಿಡಿದುಕೊಂಡು ತಾಯಿಯ ಮುಖ ಒಮ್ಮೆ, ಹೆಂಡತಿಯ ಮುಖ ಒಮ್ಮೆ ನೋಡಿದನಂತೆ. ಒಳ್ಳೆಯವನೇ. ಆದರೆ ಇಬ್ಬರು ಹೆಂಗಸರ ನಡುವೆ ನಿಲ್ಲುವ ಕಲೆ ಅವನಿಗೆ ಒಲಿದಿರಲಿಲ್ಲ.

"ಹೀಗೆ ಮಾಡೋಣ," ಎಂದ. "ಬೆಳಿಗ್ಗೆ ಚಕ್ರ ಇವಳಿಗೆ, ಸಂಜೆ ನಿನಗೆ."

ಒಂದು ವಾರ ಹಾಗೇ ನಡೆಯಿತು. ಲಾಸಾರೊ ಕತ್ತಲಿರುವಾಗಲೇ ಎದ್ದು ಚಕ್ರವನ್ನು ಹೆಂಡತಿಯ ಸೈಕಲ್ಲಿಗೆ ಹಾಕುವನು. ಸಂಜೆ ಅವಳು ಸೈಕಲ್ಲನ್ನು ಹೊತ್ತು ಏದುಸಿರು ಬಿಡುತ್ತ ಮೇಲೆ ಬಂದೊಡನೆ ಅದನ್ನು ಬಿಚ್ಚಿ ಎಲುಬುಗೂಡಿಗೆ ಹಾಕುವನು. ಬಾಕಿ ಹೊತ್ತೆಲ್ಲ ಅವನು ಆಚೀಚೆಯ ತೋಟಗಳಲ್ಲಿ ಮರಗೆಣಸಿಗೆ ಅಲೆಯುವನು. ಕಾಸಿಲ್ದಾ ಬೆಳಿಗ್ಗೆ ರೇಷನ್ ಬ್ರೆಡ್ಡಿನ ಸಾಲು, ಆಮೇಲೆ ಸೀಮೆಎಣ್ಣೆ ಸ್ಟೌವಿನ ಹೊಗೆ, ಆಮೇಲೆ ಡಬ್ಬಿ ತುಂಬಿಟ್ಟುಕೊಂಡು ಮೆಟ್ಟಿಲ ಮೇಲೆ ಕಾಯುವುದು. ಅಲ್ಲಿಂದ ಹೋಗಿ, ಅಕ್ಕನಿಗೆ ಉಣ್ಣಿಸಿ, ಕರೆಂಟಿಲ್ಲದ ಬೀದಿಗಳಲ್ಲಿ ಎಲುಬುಗೂಡನ್ನು ತಳ್ಳಿಕೊಂಡು ವಾಪಸು ಬರುವಷ್ಟರಲ್ಲಿ ಮೊಮ್ಮಗಳು ಮಲಗಿರುತ್ತಿದ್ದಳು.

ಒಂದು ಸಂಜೆ ನಿಯೂರ್ಕಾ ಬರುವುದು ತಡವಾಯಿತು. ನನ್ನ ಬಾಗಿಲ ಮುಂದಿನ ಮೆಟ್ಟಿಲಲ್ಲೇ ಅತ್ತೆ ಸೊಸೆ ಎದುರಾದರು.

"ಎಲ್ಲಿ ಹೋಗಿದ್ದೆ?"

"ಮೀಟಿಂಗ್ ಇತ್ತು."

"ನನ್ನ ಚಕ್ರಾನೂ ಮೀಟಿಂಗಿಗೆ ಕೂರಿಸಿದ್ದೆಯಾ? ಬಟಾಣಿ ಸಾರು ಹಳಸ್ತಾ ಇದೆ ಇಲ್ಲಿ."

"ಯಾರನ್ನ ತೆಗೀಬೇಕು ಅನ್ನೋ ಮೀಟಿಂಗು ಅತ್ತೆ! ಎದ್ದು ಬರ್ಲಾ? ನಮ್ಮತ್ತೆ ಚಕ್ರಕ್ಕೆ ಕಾಯ್ತಿದಾರೆ ಅಂತ ಹೇಳ್ಲಾ?"

"ಹೇಳ್ಬೇಕಿತ್ತು."

"ಅದು ಸರಿ. ಆಗ ಮೊದಲನೇ ಹೆಸರು ನಂದೇ ಇರ್ತಿತ್ತು."

ನಾನು ಬಾಗಿಲು ತೆರೆದು, "ಒಂದು ಗುಟುಕು ಕಾಫಿ ಕುಡೀತೀರಾ?" ಎಂದೆ. ಬಟಾಣಿ ಹುರಿದು ಬೆರೆಸಿದ ಕಾಫಿ. ಆ ವರ್ಷ ಯಾರ ಮನೆಯಲ್ಲೂ ಬೇರೆ ಇರಲಿಲ್ಲ. ಇಬ್ಬರೂ ನನ್ನನ್ನು ಒಂದೇ ಥರ ದುರುಗುಟ್ಟಿ ನೋಡಿದರು. ಅಷ್ಟರಮಟ್ಟಿಗೆ ಒಗ್ಗಟ್ಟು ಮೂಡಿಸಿದೆನಲ್ಲ ಎಂದುಕೊಂಡು ಬಾಗಿಲು ಹಾಕಿಕೊಂಡೆ.

ಕಾಸಿಲ್ದಾ ಹೊರಡುವ ಮುಂಚಿನ ಊಟದ ಹೊತ್ತಿನಲ್ಲಿ ಇನ್ನೊಂದು ಜಗಳ. ಮನೆಯಲ್ಲಿ ನಾಲ್ಕು ಜನಕ್ಕೆ ನಾಲ್ಕು ಕುರ್ಚಿ. ಕಿಟಕಿಯ ಪಕ್ಕದ್ದು, ಬಾಗಿಲಿಗೆ ಮುಖ ಮಾಡಿದ್ದು, ನಿಯೂರ್ಕಾಳದು. ದಿನವಿಡೀ ಕುದಿಯುವ ನೀರಿನ ಹಬೆಯಲ್ಲಿ ನಿಂತು ಬಂದವಳಿಗೆ ಗಾಳಿ ಬೇಕು. ಕಾಸಿಲ್ದಾ ತನ್ನ ಪಾಲಿನ ಬನ್ನನ್ನು ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಳ್ಳುವುದನ್ನು ಅವಳು ಅಲ್ಲಿಂದ ನೋಡುವಳು.

"ಅತ್ತೆ, ಅದನ್ನ ತಿನ್ನಿ. ಕನ್ನಡೀಲಿ ಮುಖ ನೋಡ್ಕೊಂಡಿದೀರಾ?"

"ನನ್ನ ಪಾಲು. ತಿಂತೀನೋ, ಕಾಗೆಗೆ ಹಾಕ್ತೀನೋ, ನಿನಗೇನು?"

"ಅಜ್ಜಿ, ದೊಡ್ಡಜ್ಜೀನ ಕಾಗೆ ಅಂತೀಯಾ?" ಎಂದು ಯುಸಿಮಿ ಕಿಸಕ್ಕೆಂದಳು. ಯಾರೂ ನಗದ್ದು ನೋಡಿ ಸೋಯಾ ಖೀಮಾದ ಕಡೆ ತಲೆ ತಗ್ಗಿಸಿದಳು.

ಬಿಚ್ಚಿ ಹಾಕಿ, ಬಿಚ್ಚಿ ಹಾಕಿ, ನಟ್ಟುಗಳ ಹಲ್ಲು ಸವೆದುಹೋಯಿತು. ಇನ್ನು ಚಕ್ರ ಒಂದೇ ಕಡೆ ಇರಬೇಕು ಎಂದ ಲಾಸಾರೊ, ಮತ್ತು ಅದನ್ನು ಹೆಂಡತಿಯ ಸೈಕಲ್ಲಿಗೆ ಬಿಗಿದುಬಿಟ್ಟ. ತಾಯಿಯ ಎಲುಬುಗೂಡಿಗೆ ಎಲ್ಲಿಂದಲೋ ಮಕ್ಕಳನ್ನು ತಳ್ಳುವ ಗಾಡಿಯ ಪುಟ್ಟ ಚಕ್ರವೊಂದನ್ನು ತಂದು ತಂತಿಯಲ್ಲಿ ಕಟ್ಟಿದ. ಹಿಂಭಾಗ ತಗ್ಗಿಹೋಗಿ, ಕೂರಲು ಹೊರಟ ನಾಯಿಯ ಹಾಗೆ ಕಾಣುತ್ತಿತ್ತು ಅದು.

ಎವೆಲಿಯೊ ಈ ಸಲ ನಗಲಿಲ್ಲ.

"ಅಜ್ಜಿ, ಪೆಡಲ್ ಇರ್ಲಿಲ್ಲ, ಸುಮ್ನಿದ್ದೆ. ಚೈನ್ ಇರ್ಲಿಲ್ಲ, ಸುಮ್ನಿದ್ದೆ. ಇದನ್ನ ಮೇಲಿನೋರು ನೋಡಿದ್ರೆ ನನ್ನ ಗತಿ ಏನು?"

"ಎರಡು ಚಕ್ರ ಇದೆಯಲ್ಲಪ್ಪ."

ಹಿಂದಿನಿಂದ ಒಬ್ಬ ಗಂಡಸು, "ಇದಕ್ಕೆ ಬಿಡೋದಾದ್ರೆ ನಾಳೆ ನಮ್ಮತ್ತೆಗೆ ಎರಡು ಗಾಲಿ ಕಟ್ಟಿ ತಳ್ಕೊಂಡ್ಬರ್ತೀನಿ, ಅವಳನ್ನೂ ಹತ್ತಿಸ್ಕೊಳ್ಳಿ" ಎಂದು ಕೂಗಿದ. ಸಾಲಿಗೆ ಸಾಲೇ ನಕ್ಕಿತು. ಕಾಸಿಲ್ದಾ ಎಲುಬುಗೂಡನ್ನು ತಿರುಗಿಸಿಕೊಂಡು ಮನೆಗೆ ಬಂದು, ಗೋಡೆಗೆ ಒರಗಿಸಿ, ಡಬ್ಬಿ ಮಾತ್ರ ಹಿಡಿದು ಮಾಮೂಲಿ ಬಸ್ಸಿನ ನಿಲ್ದಾಣಕ್ಕೆ ಹೋದಳು. "ಕೊನೆಯವರು ಯಾರು?" ಎಂದು ಕೇಳಿ, ಕೈಯೆತ್ತಿದವರ ಹಿಂದೆ ನಿಂತಳು.

ಅಂದು ಬಸ್ಸು ಬಂದದ್ದು ಸಂಜೆಗೆ. ಆ ರಾತ್ರಿ ಕಾಸಿಲ್ದಾ ಮನೆಗೆ ಬರಲಿಲ್ಲ. ಮರುದಿನ ಸಂಜೆ, ಎಲ್ಲರೂ ಊಟಕ್ಕೆ ಕೂತಿದ್ದಾಗ ಬಂದಳು.

"ಬಿದ್ದಿದ್ಲು," ಎಂದಳು ಬಾಗಿಲಲ್ಲೇ ನಿಂತು. "ಹಸಿವು ತಡೀಲಾರದೆ ನೀರಾದ್ರೂ ಕುಡಿಯೋಣ ಅಂತ ಎದ್ದಿದಾಳೆ. ನಾನು ಹೋದಾಗ ನೆಲದ ಮೇಲಿದ್ಲು. ಯಾವಾಗಿಂದ ಬಿದ್ದಿದೀಯ ಅಂದ್ರೆ, ಬಿಸಿಲು ಕಿಟಕೀಲಿದ್ದಾಗಿಂದ ಅಂದ್ಲು."

"ಮೂಳೆ?" ಎಂದ ಲಾಸಾರೊ.

"ಮುರಿದಿಲ್ಲ. ಮುರಿಯೋಕೆ ಏನುಳಿದಿದೆ ಅವಳಲ್ಲಿ? ನಾನು ಅಕ್ಕನ್ನ ಇಲ್ಲಿಗೆ ಕರ್ಕೊಂಡ್ಬರ್ತೀನಿ."

ಸಂದಿಯಲ್ಲಿ ನಿಯೂರ್ಕಾಳ ಧ್ವನಿ, ಮೆಲ್ಲಗೆ.

"ಎಲ್ಲಿ ಮಲಗಿಸ್ತೀರಿ?"

"ನನ್ನ ಮಂಚದಲ್ಲಿ. ನಾನು ನೆಲದ ಮೇಲೆ ಮಲಗ್ತೀನಿ."

"ಎಲ್ಲಿ ಕೂರಿಸ್ತೀರಿ? ನಾಲ್ಕೇ ಕುರ್ಚಿ ಇರೋದು."

"ನಾನು ನಿಂತ್ಕೊಂಡು ಉಣ್ತೀನಿ."

"ಬೇಡ ಅತ್ತೆ. ನೀವು ದಿನಾ ಹೋಗ್ತಿದ್ರಿ, ಯಾಕೆ ಅಂತ ನಾನು ಕೇಳಿಲ್ಲ. ನನ್ನ ತಟ್ಟೇಲಿ ಅರ್ಧ ತಂದುಕೊಟ್ಟೆ, ಯಾರಿಗೆ ಅಂತ ಕೇಳಿಲ್ಲ. ಆದ್ರೆ ಈ ಹೊಸ್ತಿಲು ದಾಟಿ ಅವರು ಒಳಗೆ ಬರಬಾರದು."

"ಇದು ನನ್ನ ಮಗನ ಮನೆ!"

"ಇಬ್ಬರೂ ಸುಮ್ನಿರಿ," ಎಂದು ಲಾಸಾರೊ ಮೇಜು ಗುದ್ದಿದ. "ಈ ಗೋಡೆ ಕಟ್ಟಿದ್ದು ನಾನು. ಯಾರು ಬರ್ಬೇಕು, ಯಾರು ಬರಬಾರದು..."

"ಹೌದಪ್ಪ. ಗೋಡೆ ನೀನು ಕಟ್ಟಿದ್ದು. ಅತ್ತೆಗೆ ಮಗನ ಮನೆ. ಯುಸಿಮಿಗೆ ಅಪ್ಪನ ಮನೆ. ನನಗೆ? ಹದಿನಾರು ವರ್ಷದಿಂದ ಇದರ ನೆಲ ಒರೆಸ್ತಿದೀನಿ. ಆದ್ರೆ ನಾನು ವಿಳಾಸಕ್ಕೆ ಬಂದೋಳು, ಅಲ್ವಾ?"

"ಅವತ್ತು ಅಕ್ಕ ಕುಡಿದಿದ್ಲು," ಎಂದಳು ಕಾಸಿಲ್ದಾ.

"ನಾನೂ ಕುಡಿದಿದ್ದೆ. ನಾನೇನೂ ಅನ್ನಲಿಲ್ಲ."

ಕಾಸಿಲ್ದಾ ಎರಡು ಉಡುಪು, ಒಂದು ಟವೆಲ್ಲು, ತನ್ನ ಚಮಚ ಗಂಟು ಕಟ್ಟಿಕೊಂಡು ಬೆಳಿಗ್ಗೆ ಹೊರಟಳು. ಯುಸಿಮಿ ಮೆಟ್ಟಿಲ ತನಕ ಹಿಂದೆ ಬಂದು, "ಅಮ್ಮಾ, ತಡೀಬಾರ್ದಾ? ಅಪ್ಪಾ, ನೀನಾದ್ರೂ ಹೇಳು!" ಎಂದು ಅತ್ತಳು. "ಹೋಗ್ಲಿ ಬಿಡು," ಎಂದಳು ನಿಯೂರ್ಕಾ. ಲಾಸಾರೊ ಸ್ಪ್ಯಾನರು ಹುಡುಕುವವನ ಹಾಗೆ ಒಳಗೆ ಹೋದ.

ಕಾಸಿಲ್ದಾ ಹೋದ ಮೇಲೆ ಆ ಮನೆ ಏನು ತಿನ್ನುತ್ತಿತ್ತೋ ನನಗೆ ವಾಸನೆಯಿಂದಲೇ ಗೊತ್ತಾಗುತ್ತಿತ್ತು. ಲಾಸಾರೊ ಬಟಾಣಿ ಹೊತ್ತಿಸಿದ. ಯುಸಿಮಿ ಬ್ರೆಡ್ಡಿನ ಸಾಲಿನಲ್ಲಿ ನಿಂತು ಶಾಲೆಗೆ ತಡಮಾಡಿಕೊಂಡಳು. ನಿಯೂರ್ಕಾ ಆಸ್ಪತ್ರೆಯ ಅರ್ಧ ಊಟವನ್ನು ಎಂದಿನಂತೆ ತಂದು ಮೇಜಿನ ಮೇಲಿಡುವಳು. ಬೆಳಿಗ್ಗೆ ಅದನ್ನು ಡಬ್ಬಿಗೆ ಹಾಕುವವರಿಲ್ಲದೆ ಅದು ಅಲ್ಲೇ ಇರುತ್ತಿತ್ತು. ಯಾರೂ ಮುಟ್ಟುತ್ತಿರಲಿಲ್ಲ. ಹೊಟ್ಟೆ ಚುರುಗುಟ್ಟುವ ಆ ದಿನಗಳಲ್ಲಿ ಒಂದು ಮನೆಯಲ್ಲಿ ಅನ್ನ ಉಳಿದು ಹಳಸುವುದೆಂದರೆ ಅದು ಸಣ್ಣ ಸಂಗತಿಯಲ್ಲ.

ಲಾಸಾರೊ ಮಾತ್ರ ಸಂಜೆಯಾದರೆ ಮಾಳಿಗೆಯ ಮೇಲೆ ಸೀಳಿದ ರಿಮ್ಮನ್ನು ಹಿಡಿದು ಕೂರುವನು. ಸೀಳಿಗೆ ತಗಡು ಹೊಡೆದ. ಕಿತ್ತುಹೋದ ಕಡ್ಡಿಗಳ ಬದಲು ಬೇಲಿಯ ತಂತಿ ಎಳೆದು ಕಟ್ಟಿದ. ಅವನ ಸುತ್ತಿಗೆಯ ಸದ್ದಿಗೆ ನನ್ನ ತಲೆ ಚಿಟ್ಟುಹಿಡಿಯುತ್ತಿತ್ತು, ಆದರೂ ನಾನು ಬೈಯಲಿಲ್ಲ.

ಒಂದು ಭಾನುವಾರ ಯುಸಿಮಿ ಹೇಗೋ ಅಜ್ಜಿಯನ್ನು ನೋಡಿ ಬಂದಳು. ಬಂದು ತಾಯಿಯೆದುರು ನಿಂತು, "ಅಜ್ಜಿ ಬೀದಿ ನಲ್ಲಿಯಿಂದ ನೀರು ಹೊರ್ತಾಳೆ. ಎರಡು ಕೈಯಲ್ಲೂ ಬಕೆಟ್. ಆ ಮೆಟ್ಟಿಲು ಅಲ್ಲಾಡುತ್ತೆ ಅಮ್ಮ" ಎಂದಳು. ನಿಯೂರ್ಕಾ ಪಾತ್ರೆ ಉಜ್ಜುತ್ತಲೇ ಇದ್ದಳು. ಉಜ್ಜಿದ ಪಾತ್ರೆಯನ್ನೇ ಮತ್ತೆ ಉಜ್ಜಿದಳು.

ಮರುದಿನ ಕೆಲಸ ಮುಗಿಸಿ ಅವಳು ಬಸ್ಸಿನ ಕಡೆ ತಿರುಗದೆ ಆ ವಠಾರಕ್ಕೆ ಹೋದಳು. ಮುಂದಿನದನ್ನು ಕಾಸಿಲ್ದಾ ನನಗೆ ಹತ್ತು ಸಲ ಹೇಳಿದ್ದಾಳೆ. ಅವಳು ಬಕೆಟ್ ಹೊತ್ತು ಅರ್ಧ ಮೆಟ್ಟಿಲಲ್ಲಿದ್ದಾಗ ಹಿಂದಿನಿಂದ ಒಂದು ಕೈ ಬಂದು ಬಕೆಟ್ ಕಿತ್ತುಕೊಂಡಿತಂತೆ. ತಿರುಗಿದರೆ ಸೊಸೆ, ಹೆಗಲ ಮೇಲೆ ಸೈಕಲ್ಲು. ಅವಳು ಮುಂದೆ ಹತ್ತಿದಳು. ಕೋಣೆಯ ತೊಲೆ ಜೋತುಬಿದ್ದಿತ್ತು. ಮಂಚದ ಪಕ್ಕ ಒಂದು ತಟ್ಟೆ, ಅದರಲ್ಲಿ ಎರಡು ಚಮಚ.

"ಯಾರದು?" ಎಂದಳು ಮಂಚದಿಂದ ಅಂಪಾರೊ.

"ವಿಳಾಸಕ್ಕೆ ಬಂದೋಳು."

ಅಂಪಾರೊ ಮಂಚದ ಅಂಚಿಗೆ ಸರಿದು ಜಾಗ ಮಾಡಿದಳು. "ಕೂತ್ಕೋ. ಕುರ್ಚಿ ಇಲ್ಲ, ಸೌದೆ ಮಾಡಿ ಉರಿಸಿದ್ವಿ. ಮಂಚದ ಮೇಲೆ ಕೂತ್ಕೋ."

"ಕೂರೋಕೆ ಬಂದಿಲ್ಲ. ನಮ್ಮತ್ತೇನ ಕರ್ಕೊಂಡು ಹೋಗೋಕೆ ಬಂದೆ."

"ಕರ್ಕೊಂಡು ಹೋಗಮ್ಮ. ನಾನೂ ದಿನಾ ಅದನ್ನೇ ಬಡ್ಕೋತಿದೀನಿ. ನನ್ನ ಮಾತು ಕೇಳಲ್ಲ."

"ನಾನು ಬರಲ್ಲ," ಎಂದಳು ಕಾಸಿಲ್ದಾ ಬಾಗಿಲಿನಿಂದ.

ನಿಯೂರ್ಕಾ ಬಕೆಟ್ ಕೆಳಗಿಟ್ಟಳು. ಅತ್ತೆಯ ತೋಳುಗಳನ್ನು ನೋಡಿದಳು, ತೊಲೆಯನ್ನು ನೋಡಿದಳು, ಮುಖ ಗಂಟು ಹಾಕಿಕೊಂಡು ಆ ಎರಡು ಚಮಚಗಳನ್ನು ನೋಡಿದಳು.

"ಭಾನುವಾರ ಬರ್ತೀನಿ. ಇಬ್ಬರೂ ರೆಡಿಯಾಗಿರಿ."

"ನಾನು ಬರ್ತೀನಿ ಅಂತ ಯಾರು ಹೇಳಿದ್ರು?" ಎಂದಳು ಅಂಪಾರೊ.

"ನಾನು ಕೇಳ್ಲಿಲ್ಲ. ಹೇಳ್ದೆ."

ಭಾನುವಾರದ ಹೊತ್ತಿಗೆ ಲಾಸಾರೊನ ತೇಪೆ ಚಕ್ರ ಎಲುಬುಗೂಡಿಗೆ ಕೂತಿತ್ತು. ಕುಡಿದವರ ಹಾಗೆ ಓಲಾಡುತ್ತಿತ್ತು, ಯಾರಾದರೂ ಮೇಲೆ ಕೂತರೆ ಕುಸಿಯುವಂತಿತ್ತು, ಆದರೆ ಉರುಳುತ್ತಿತ್ತು. ಬಸ್ಸು ಹತ್ತಲು ಅಷ್ಟು ಸಾಕು. ಅಂಪಾರೊ ನಿಯೂರ್ಕಾಳ ಗಟ್ಟಿ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರುವುದು, ಎಲುಬುಗೂಡು ಕಾಸಿಲ್ದಾಳ ಕೈಗೆ, ಈಚೆ ನಿಲ್ದಾಣದಲ್ಲಿ ಲಾಸಾರೊ ಕಾದಿರುವುದು ಎಂದು ಮಾತಾಯಿತು. ಅವನು ಆಚೆ ಹೋಗುವಂತಿರಲಿಲ್ಲ, ಅವನಿಗೆ ಸೈಕಲ್ಲಿಲ್ಲವಲ್ಲ. ನಿಯೂರ್ಕಾ ಒಂದೊಂದು ಕೈಯಲ್ಲಿ ಒಂದೊಂದು ಸೈಕಲ್ ತಳ್ಳಿಕೊಂಡು ಬಂದದ್ದು ನೋಡಿ ಎವೆಲಿಯೊ ತಲೆ ಕೆರೆದುಕೊಂಡ.

"ಒಬ್ಬಳಿಗೆ ಎರಡಾ?"

"ಸೈಕಲ್ ಇಲ್ಲದ ಜನ ಹತ್ತಬಾರದು ಅಂತ ತಾನೇ ನಿಮ್ಮ ರೂಲು? ಜನ ಇಲ್ಲದ ಸೈಕಲ್ ಹತ್ತಬಾರದು ಅಂತ ಇದೆಯಾ?"

ಅಂಥ ರೂಲು ಇರಲಿಲ್ಲ. ಅವನು ಬಿಟ್ಟ.

ಅಂಪಾರೊಳನ್ನು ಆ ಅಲ್ಲಾಡುವ ಮೆಟ್ಟಿಲಿಂದ ವಠಾರದ ಗಂಡಸರು ಇಳಿಸಿಕೊಟ್ಟರು. ದಿಂಬಿಟ್ಟು ಕ್ಯಾರಿಯರ್ ಮೇಲೆ ಕೂರಿಸಿ, ಸೊಂಟಕ್ಕೂ ಸೀಟಿಗೂ ಟವೆಲ್ಲು ಬಿಗಿದರು. ಮದುವೆ ಮೆರವಣಿಗೆಗೆ ಹೊರಟವಳ ಹಾಗೆ ಅವಳು ಪೌಡರ್ ಹಾಕಿಕೊಂಡಿದ್ದಳು. ದಾರಿಯುದ್ದಕ್ಕೂ ನಿಯೂರ್ಕಾ ತಳ್ಳಿದಳು, ಕಾಸಿಲ್ದಾ ಎಲುಬುಗೂಡಿನೊಂದಿಗೆ ಹಿಂದೆ ಬಂದಳು. ಗುಂಡಿ ಬಂದಾಗಲೆಲ್ಲ ಅಂಪಾರೊ "ಅಯ್ಯೋ" ಎನ್ನುವಳು. ನಿಯೂರ್ಕಾ "ಗಟ್ಟಿಯಾಗಿ ಹಿಡ್ಕೊಳ್ಳಿ" ಎನ್ನುವಳು. ಬೇರೆ ಮಾತಿಲ್ಲ.

ಆಚೆ ದಡದ ನಿಲ್ದಾಣದಲ್ಲಿ ಬಸ್ಸು ನಿಂತಿತ್ತು. ಎವೆಲಿಯೊನ ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿಯ ಇನ್ಸ್‌ಪೆಕ್ಟರ್ ಒಬ್ಬ ಪೆನ್ನು ಹಿಡಿದು ನಿಂತಿದ್ದ.

"ಮೂರು ಜನ," ಎಂದ ಎವೆಲಿಯೊ ಸಣ್ಣಗೆ. "ಎರಡು ಸೈಕಲ್."

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ವಾರಗಟ್ಟಲೆ ಚಕ್ರದ ಲೆಕ್ಕದಲ್ಲೇ ಮುಳುಗಿದ್ದ ಆ ಮನೆಯವರು ತಲೆ ಎಣಿಸಲು ಮರೆತಿದ್ದರು.

"ಅವರು ಕ್ಯಾರಿಯರ್ ಮೇಲಿದಾರಲ್ಲ," ಎಂದಳು ಕಾಸಿಲ್ದಾ.

"ಕ್ಯಾರಿಯರ್ ಮೇಲಿನ ಜನಾನೂ ಜನಾನೇ," ಎಂದ ಇನ್ಸ್‌ಪೆಕ್ಟರ್. "ಒಂದು ಸೈಕಲ್, ಒಬ್ಬರು. ಬೇಗ ಆಗ್ಲಿ, ಹಿಂದೆ ಸಾಲಿದೆ."

"ಸಾರ್, ನಡೆಯೋಕಾಗದ ಮುದುಕಿ," ಎಂದ ಎವೆಲಿಯೊ.

"ಎಲ್ಲರ ಮನೇಲೂ ಮುದುಕಿ ಇದಾರಯ್ಯ."

ಹಿಂದಿನವರು ಗೊಣಗತೊಡಗಿದರು. ಯಾರೋ ಸಿಟ್ಟಿನಿಂದ ಸೈಕಲ್ ಗಂಟೆ ಬಾರಿಸಿದರು. ಅಂಪಾರೊ ಟವೆಲಿನ ಗಂಟಿಗೆ ಕೈ ಹಾಕಿ, "ನನ್ನ ಇಳಿಸಿ. ನಾನು ವಾಪಸ್ ಹೋಗ್ತೀನಿ. ನಂದೇ ಒಂದು ಕೋಣೆ ಇದೆ" ಎಂದಳು. ಅವಳ ಪೌಡರಿನ ಮೇಲೆ ಕಣ್ಣೀರು ಇಳಿದದ್ದನ್ನು ತಾನು ಹುಟ್ಟಿದಾಗಿನಿಂದ ಅವತ್ತೇ ಮೊದಲು ಕಂಡದ್ದು ಎಂದು ಕಾಸಿಲ್ದಾ ಹೇಳುತ್ತಾಳೆ.

ನಿಯೂರ್ಕಾ ಆ ಕೈಯನ್ನು ಗಂಟಿನಿಂದ ಕಿತ್ತಳು.

"ಈ ಸೈಕಲ್ ಇವರದು," ಎಂದಳು ಇನ್ಸ್‌ಪೆಕ್ಟರಿಗೆ. "ಅದು ಅವರದು. ಎರಡು ಸೈಕಲ್, ಇಬ್ಬರು. ಸರಿ ತಾನೆ?"

"ನೀನು?"

"ನನಗೆ ಸೈಕಲ್ ಇಲ್ಲ."

ಆ ಸೈಕಲ್ಲಿನ ಪೆಡಲಿಗೆ ಗಂಡನ ಕಾಲು ತಗಲಿದರೂ ಸಹಿಸದವಳು ಅವಳು. ಮಗಳು ಗಂಟೆ ಬಾರಿಸಿದರೆ ರೇಗುತ್ತಿದ್ದಳು. ಈಗ ಇಳಿಜಾರು ಹಲಗೆಯ ಮೇಲೆ ಅದನ್ನು ಎವೆಲಿಯೊನೊಂದಿಗೆ ತಳ್ಳಿ ಏರಿಸಿ, ಹ್ಯಾಂಡಲ್ಲನ್ನು ಅತ್ತೆಯ ಕೈಗೆ ಕೊಟ್ಟಳು. ಎಲುಬುಗೂಡನ್ನು ಪಕ್ಕದ ಹುಡುಗಿಯೊಬ್ಬಳು ಹಿಡಿದುಕೊಂಡಳು.

"ಹಿಂದಿನ ಬ್ರೇಕ್ ಹಿಡೀಬೇಡಿ, ತಂತಿ ಕಿತ್ತುಬರುತ್ತೆ. ಲಾಸಾರೊಗೆ ಹೇಳಿ, ಅವರನ್ನ ಮೇಲೆ ಹೊತ್ತ ಮೇಲೆ ಸೈಕಲ್ಲನ್ನೂ ಹೊರಬೇಕು, ಕೆಳಗೆ ಬಿಟ್ರೆ ಅವನ ಕಥೆ ಮುಗೀತು."

"ನೀನು ಹೇಗೆ ಬರ್ತೀಯೇ?" ಎಂದಳು ಕಾಸಿಲ್ದಾ.

"ಚಕ್ರ ಇಲ್ಲದ ದಿನ ನೀವು ಹೇಗೆ ಹೋದ್ರಿ?"

ಬಸ್ಸು ಸುರಂಗದೊಳಗೆ ಹೋಯಿತು. ನಿಯೂರ್ಕಾ ಮಾಮೂಲಿ ಬಸ್ಸಿನ ನಿಲ್ದಾಣಕ್ಕೆ ನಡೆದು ಹೋಗಿ, "ಕೊನೆಯವರು ಯಾರು?" ಎಂದು ಕೇಳಿದಳು.

ಅವಳು ಮನೆ ಮುಟ್ಟಿದಾಗ ಸಂಜೆಯಾಗಿ ಕರೆಂಟು ಹೋಗಿತ್ತು. ನಾನು ಆಗಷ್ಟೆ ನನ್ನ ಲಾಟೀನು ಹಿಡಿದು ಮೇಲೆ ಹೋಗಿದ್ದೆ, ಅವರದರಲ್ಲಿ ಎಣ್ಣೆ ಇರಲಿಲ್ಲ. ಹಾಗಾಗಿ ಇದೊಂದನ್ನು ನಾನು ಕಣ್ಣಾರೆ ಕಂಡೆ. ಸೈಕಲ್ಲು ಗೋಡೆಗೆ ಒರಗಿತ್ತು. ಮೇಜಿನ ಮೇಲೆ ಅವಳ ಪಾಲಿನ ಊಟ ಇನ್ನೊಂದು ತಟ್ಟೆ ಮುಚ್ಚಿಕೊಂಡು ಕಾದಿತ್ತು. ಲಾಸಾರೊ, ಕಾಸಿಲ್ದಾ, ಯುಸಿಮಿ ತಂತಮ್ಮ ಜಾಗದಲ್ಲಿ ಕೂತಿದ್ದರು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಬಾಗಿಲಿಗೆ ಮುಖ ಮಾಡಿ, ಅಂಪಾರೊ.

ನಿಯೂರ್ಕಾ ಹೊಸ್ತಿಲಲ್ಲೇ ನಿಂತಳು. ಕಾಲು ಧೂಳು, ಕುತ್ತಿಗೆ ಬೆವರು. ಲಾಸಾರೊ ಎದ್ದು ತನ್ನ ಕುರ್ಚಿ ಎಳೆದ. ಅವಳು ಅದರ ಕಡೆ ನೋಡಲಿಲ್ಲ.

"ಯಾರ ವಿಳಾಸಕ್ಕೆ ಬಂದಿದೀರಿ?" ಎಂದಳು ಅಂಪಾರೊಗೆ.

ಕಾಸಿಲ್ದಾ ಬಾಯಿ ತೆರೆದಳು. ಮಗನ ಮನೆ ಎಂದು ಎಲ್ಲಿ ಹೇಳಿಬಿಡುತ್ತಾಳೋ ಎಂದು ನಾನು ಹೆದರಿದೆ. ಅಂಪಾರೊ ತಂಗಿಯ ಕೈ ಅದುಮಿ ಸುಮ್ಮನಾಗಿಸಿದಳು. ಲಾಸಾರೊನನ್ನು ನೋಡಿದಳು, ಅವನು ಕಟ್ಟಿದ ಗೋಡೆಯನ್ನು ನೋಡಿದಳು, ಕೊನೆಗೆ ಬಾಗಿಲಲ್ಲಿದ್ದವಳನ್ನು ನೋಡಿದಳು.

"ನಿನ್ನ ವಿಳಾಸಕ್ಕೆ," ಎಂದಳು.

ನಿಯೂರ್ಕಾ ಒಳಗೆ ಬಂದಳು. ಅಂಪಾರೊ ಮೇಜು ಹಿಡಿದು ಏಳಲು ಹೊರಟಳು.

"ಏಳಬೇಡಿ, ಕೂತಿರಿ," ಎಂದಳು ನಿಯೂರ್ಕಾ. "ಆದ್ರೆ ಆ ಕುರ್ಚಿ ನಂದು. ಅದು ಗೊತ್ತಿರಲಿ."

ಮುಚ್ಚಿದ್ದ ತಟ್ಟೆ ತೆಗೆದು, ನಿಂತುಕೊಂಡೇ ಉಣ್ಣತೊಡಗಿದಳು.